ಉಲ್ಲಾಳದ ಶಿವಕ್ಕನ ಫೋನು

ಉಲ್ಲಾಳದ ಅಂಚೆ ಕಚೇರಿ ಅಂದರೆ ನಮ್ಮ ಮನೆಯ ಮುಂದಿನ ಕೋಣೆ, ಪೋಸ್ಟ್ ಮಾಸ್ತರ ಅಂದರೆ ನಾನು. ಎಂಬತ್ತನಾಲ್ಕರಲ್ಲಿ ಊರಿಗೆಲ್ಲ ಇದ್ದದ್ದು ಅಲ್ಲಿಯ ಒಂದೇ ಫೋನು. ಅದಕ್ಕೆ ಯಾರಾದರೂ ಕೈ ಹಾಕಿದರೆ ನನಗೆ ಮೈ ಉರಿಯುತ್ತಿತ್ತು. ನರ್ಸ್ ಶಿವಕ್ಕನಿಗೆ ಮಾತ್ರ ನನ್ನ ಸಿಡಿಮಿಡಿ ಲೆಕ್ಕಕ್ಕೇ ಇರಲಿಲ್ಲ. "ಸ್ವಲ್ಪ ಏಳಿ ಸಾರ್" ಎಂದು ನನ್ನ ಕುರ್ಚಿಯಲ್ಲೇ ಕೂತುಬಿಡುತ್ತಿದ್ದಳು.

ಊರಲ್ಲಿ ಮಕ್ಕಳ ಡಾಕ್ಟರು ಇರಲಿಲ್ಲ. ಕೂಸನ್ನು ಎತ್ತಿಕೊಂಡು ರಾಜಾಜಿನಗರಕ್ಕೆ ಹೋಗಬೇಕಾದರೆ ಎರಡು ಬಸ್ಸು ಹತ್ತಿ ಇಳಿಯಬೇಕು. ಶಿವಕ್ಕ ಅಲ್ಲಿಯ ಮಕ್ಕಳ ತಜ್ಞೆ ಜಗದಾಂಬಾ ಅವರನ್ನು ಕಾಡಿ ಬೇಡಿ ಒಪ್ಪಿಸಿದ್ದಳು. ದಿನಾ ಮಧ್ಯಾಹ್ನ ಮೂರಕ್ಕೆ ಫೋನು. ಇವಳು ಇಲ್ಲಿಂದ ಜ್ವರ, ಉಸಿರಾಟ ಎಲ್ಲ ಹೇಳುವುದು, ಅವರು ಅಲ್ಲಿಂದ ಔಷಧಿ ಹೇಳುವುದು. ಬೆಟ್ಟಯ್ಯನ ಮಗಳ ನ್ಯುಮೋನಿಯಾ ಹಾಗೇ ವಾಸಿಯಾಯಿತು. "ನೀವಿದ್ರೆ ನಾನೇ ಊರಲ್ಲಿದ್ದ ಹಾಗೆ" ಎಂದು ಡಾಕ್ಟರು ಹೊಗಳಿದ್ದನ್ನು ವಾರವೆಲ್ಲ ಹೇಳಿಕೊಂಡು ಓಡಾಡಿದಳು, ಪುಣ್ಯಾತಗಿತ್ತಿ.

ಮಾರನೇ ವರ್ಷ ಶ್ರಾವಣದಲ್ಲಿ ರಾಮಮ್ಮ ತವರಿಗೆ ಬಂದು ಚೊಚ್ಚಲ ಗಂಡುಮಗು ಹೆತ್ತಳು. ನಾಲ್ಕನೇ ದಿನ ಮಗು ಸರಿಯಾಗಿ ಹಾಲು ಕುಡಿಯುತ್ತಿಲ್ಲವೆಂದು ಶಿವಕ್ಕ ಫೋನ್ ಮಾಡಿದಳು. ನಾನು ಪಕ್ಕದಲ್ಲೇ ಕಾಗದಗಳಿಗೆ ಮುದ್ರೆ ಒತ್ತುತ್ತಿದ್ದೆ.

"ಮೈ ಹಳದಿ ಇದೆ ಮೇಡಂ. ಅಜ್ಜಿ ಬೆಳಿಗ್ಗೆ ಅರಿಶಿನ ಹಚ್ಚಿ ನೀರು ಹಾಕಿದ್ದಾರೆ, ಅದರದ್ದೇ ಬಣ್ಣ."

ಆ ಕಡೆಯಿಂದ ಏನೋ ಕೇಳಿದರು. ಶಿವಕ್ಕ ಒಂದು ಗಳಿಗೆ ತಡೆದಳು.

"ಹೂಂ ಮೇಡಂ, ಕಣ್ಣೂ ನೋಡಿದೆ. ಬೆಳ್ಳಗಿದೆ."

ಎರಡು ದಿನಕ್ಕೆ ಮಗು ಹಾಲು ಬಿಟ್ಟು ಸೆಟೆದುಕೊಂಡಿತು. ತರಕಾರಿ ಟೆಂಪೋದಲ್ಲಿ ಹಸಿ ಬಾಣಂತಿಯನ್ನೂ ಕೂಸನ್ನೂ ಕರೆದುಕೊಂಡು ಶಿವಕ್ಕ, ನಾನು ರಾಜಾಜಿನಗರಕ್ಕೆ ಓಡಿದೆವು. ಡಾಕ್ಟರು ಕಿಟಕಿಯ ಬೆಳಕಿಗೆ ಹಿಡಿದು ಮಗುವಿನ ರೆಪ್ಪೆ ಬಿಡಿಸಿದರು. ಕಣ್ಣಿನ ಬಿಳಿಯೆಲ್ಲ ಹಳದಿ.

"ಕಾಮಾಲೆ ಮಿದುಳಿಗೆ ಹೋಗಿದೆ. ಆವತ್ತೇ ಬಂದಿದ್ರೆ ರಕ್ತ ಬದಲಾಯಿಸಿ ಉಳಿಸಬಹುದಿತ್ತು" ಎಂದರು.

ಸಂಜೆಯ ಹೊತ್ತಿಗೆ ಮಗು ಹೋಯಿತು. ಎಂಥಾ ಮಗು ಅಂತೀರಿ, ಕೈತುಂಬ ಇತ್ತು.

ವರಾಂಡದ ಬೆಂಚಿನ ಮೇಲೆ ರಾಮಮ್ಮ ಶಿವಕ್ಕನ ಕೈಯನ್ನು ಬಿಗಿಯಾಗಿ ಹಿಡಿದು ಕೂತಿದ್ದಳು. ಹೆತ್ತವಳೇ ಅವಳನ್ನು ಸಮಾಧಾನ ಮಾಡುತ್ತಿದ್ದಳು.

"ಅಳಬೇಡಿ ಅಕ್ಕ. ಅರಿಶಿನ ಹಚ್ಚಿದ್ದು ನಾವು. ನೀವೇನ್ ಮಾಡ್ತೀರಾ?"

ಶಿವಕ್ಕ ಅಷ್ಟಕ್ಕೆ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಆಗುತ್ತಿತ್ತು. ಸುಮ್ಮನಿರು ತಾಯಿ ಎಂದು ನನಗೆ ಕೂಗಬೇಕೆನಿಸಿತು.

"ಇಲ್ಲ ಕಣೇ," ಎಂದಳು ಶಿವಕ್ಕ. "ನಾನು ಕಣ್ಣು ನೋಡ್ಲೇ ಇಲ್ಲ. ಬಾಣಂತಿ ಕೋಣೆ ಕತ್ತಲು, ಕೂಸು ಮಲಗಿತ್ತು. ಮಲಗಿರೋ ಮಗೂನ ಎಬ್ಬಿಸಬಾರದು ಅಂದ್ರು ನಿಮ್ಮಮ್ಮ, ನಾನೂ ಬಿಟ್ಟೆ. ಮೇಡಂ ಕೇಳಿದಾಗ ನೋಡಿಲ್ಲ ಅನ್ನೋಕೆ ನಾಚಿಕೆಯಾಗಿ, ನೋಡಿದೆ ಅಂದ್ಬಿಟ್ಟೆ."

ರಾಮಮ್ಮ ಅವಳ ಮುಖ ನೋಡಿದಳು. ಆಮೇಲೆ ಕೈ ಬಿಟ್ಟಳು.