ಅಂಗೈಯಗಲದ ರಸ್ತೆಗೆ ಒಂದು ಲೋಟ ನೀರು

ಬೆಳಿಗ್ಗೆ ನಮ್ಮ ಬೀದಿಗೆ ಡಾಂಬರು ಹಾಕ್ತಿದ್ರು. ವಾಸನೆ ಮೂಗಿಗೆ ಬಡಿದಿದ್ದೇ ತಡ, ಅಪ್ಪನ ಖಾಕಿ ಅಂಗಿ ನೆನಪಾಯ್ತು. ಅಪ್ಪ ನಮ್ಮೂರು ಸಾಗರದಲ್ಲಿ ರಸ್ತೆ ಕೆಲಸದ ಮೇಸ್ತ್ರಿ ಆಗಿದ್ರು.

ಚಿಕ್ಕವಳಿದ್ದಾಗ ನಾನು ಬೆಂಕಿಪೊಟ್ಟಣ ಪೋಣಿಸಿ ರೈಲು ಮಾಡಿದ್ದೆ. ಅದರ ಪಕ್ಕಕ್ಕೆ ಅಂಗಳದಲ್ಲಿ ಅಂಗೈಯಗಲದ ರಸ್ತೆ. ಜೇಡಿಮಣ್ಣಿಗೆ ಇದ್ದಿಲ ಪುಡಿ ಕಲಸಿ, ಸೀಸೆ ಉರುಳಿಸಿ ನುಣ್ಣಗೆ ಮಾಡಿದ್ದು. ಅಪ್ಪ ಹೊಗಳ್ತಾರೆ ಅಂತ ಕಾದಿದ್ದೆ. ಕೆಲಸದಿಂದ ಬಂದವರು ಕುಕ್ಕರಗಾಲಲ್ಲಿ ಕೂತು, ಕುಡಿಯೋಕೆ ಕೊಟ್ಟ ನೀರನ್ನ ಅದರ ಮೇಲೆ ಸುರಿದ್ರು. ನೀರು ನಡುವೆಯೇ ನಿಂತಿತು.

"ಚಪ್ಪಟೆ ಆಯ್ತಲ್ಲ ಪುಟ್ಟಿ. ನಡು ಉಬ್ಬಿರ್ಬೇಕು, ನೀರು ಎರಡೂ ಬದಿ ಚರಂಡಿಗೆ ಇಳೀಬೇಕು. ಇಲ್ದಿದ್ರೆ ಒಂದು ಮಳೆಗಾಲವೂ ಬಾಳಲ್ಲ."

ಅಳು ಬಂತು. ಆದ್ರೂ ಕಿತ್ತು ಮತ್ತೆ ಮಾಡಿದೆ. ನಾಲ್ಕನೇ ಸಲಕ್ಕೆ ನೀರು ಬದಿಗೆ ಹರೀತು. ಅಪ್ಪ ರಸ್ತೆ ತುಳಿಯದೆ ಸುತ್ತು ಹಾಕಿ ಒಳಗೆ ಹೋದ್ರು.

ಈಗ ಮೇಜಿನ ಮೇಲೆ ಆಟದ ರೈಲಿಗೊಂದು ಊರು ಕಟ್ತಿದ್ದೀನಿ. ಸ್ಟೇಷನ್ ರಸ್ತೆಗೆ ಪ್ಲಾಸ್ಟರ್ ಹಾಕಿ ಬಣ್ಣ ಬಳಿದಿದ್ದೆ. ನೋಡಿದವರೆಲ್ಲ ಥೇಟ್ ನಮ್ಮ ಸಾಗರದ್ದೇ ಅಂದಿದ್ರು. ಇವತ್ತು ಒಂದು ಚಮಚ ನೀರು ಸುರಿದೆ. ರೈಲ್ವೆ ಗೇಟಿನ ಹತ್ರ ನಿಂತಿತು.

ಉಳಿ ತಗೊಂಡು ಕೀಳ್ತಾ ಇದ್ದೀನಿ.