ರಟ್ಟಿನ ಹಿಂದೆ ನಿಂತಿದ್ದವರು

ದೆವ್ವ, ಗಾಳಿ ಅನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಕೆಲಸ ಇಲ್ಲದವರ ಮಾತು ಅಂತ ಮುಖಕ್ಕೇ ಹೇಳಿದವಳು ನಾನು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಬರೆಯೋದು ನಿಧಾನ. ನಾಲ್ಕು ವರ್ಷದ ಹಿಂದೆ ಕಂಡಿದ್ದನ್ನು ಯಾರ ಮುಂದೆಯೂ ಹೇಳಲಾಗದೆ ಇಲ್ಲಿ ಬರೆಯುತ್ತಿದ್ದೇನೆ. ನಂಬಿ ಅಂತ ಕೇಳೋಲ್ಲ.

ನಮ್ಮ ಹೊಲ ಬಡವನಹಳ್ಳಿ ಕಡೆ, ಗುಡ್ಡದ ಬುಡದಲ್ಲಿ. ಕಡಲೆಕಾಯಿ ಬಲಿಯೋ ಹೊತ್ತಿಗೆ ಹಂದಿ ಬರುತ್ತವೆ, ಕರಡಿನೂ ಇಳಿಯುತ್ತೆ. ಯಜಮಾನರು ಹೋದಮೇಲೆ ಅವರ ಬಂದೂಕಿನ ಲೈಸೆನ್ಸು ನನ್ನ ಹೆಸರಿಗಾಯಿತು. ಹಳೇದು ತುಕ್ಕು ತಿಂದಿತ್ತು, ಹೊಸ ರೈಫಲ್ ತಂದೆ. ಕಾವಲಿಗೆ ಒಬ್ಬಳೇ ಮಲಗುವವಳು. ಹಂದಿ ಬರೀ ಸದ್ದಿಗೆ ಓಡುತ್ತೆ. ಕರಡಿ ಮೇಲೆ ಬಿದ್ದ ದಿನ ಗುರಿ ತಪ್ಪಿದರೆ ಎರಡನೇ ಏಟಿಗೆ ಪುರುಸೊತ್ತು ಸಿಗೋಲ್ಲ. ಅದಕ್ಕೇ ಗುರಿ ಸರಿ ಮಾಡಿಕೊಳ್ಳಲು ಒಂದು ಮಧ್ಯಾಹ್ನ ಹೊಲಕ್ಕೆ ಹೋದೆ.

ಈಚೆ ಕಡೆ ಕೆಳಗೇ ನಿಂತು ಬದುವಿನ ಮೇಲೆ ಕೋಲು ನೆಟ್ಟು, ಅಗಲವಾದ ರಟ್ಟು ಕಟ್ಟಿ, ನಡುವೆ ಸುಣ್ಣದ ಬೊಟ್ಟಿಟ್ಟೆ. ಗುಂಡು ಮಣ್ಣಲ್ಲೇ ನಿಲ್ಲೋ ಹಾಗೆ ಬದುವಿನ ಬುಡದಲ್ಲಿ ಕಟ್ಟಬೇಕಿತ್ತು. ಅಲ್ಲಿ ಹುಲ್ಲು ಎದೆಮಟ್ಟ ಬೆಳೆದಿತ್ತು, ಕೊಯ್ಯಲು ಸೋಮಾರಿತನ. ಆಚೆ ಕಡೆ, ಬದುವಿನ ಮಟ್ಟಕ್ಕೇ, ನನ್ನ ವಾರಗಿತ್ತಿಯ ಹೊಲ. ಆ ಬದುವಿಗಾಗಿಯೇ ನಾವಿಬ್ಬರೂ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದೆವು. ಆ ವರ್ಷ ಅವಳು ಬಿತ್ತಿರಲಿಲ್ಲ. ಯಾರಿರ್ತಾರೆ ಅಂತ ನಾನು ಹತ್ತಿ ನೋಡಲೂ ಇಲ್ಲ.

ಐವತ್ತು ಹೆಜ್ಜೆ ಹಿಂದೆ ಬಂದು, ಮಣ್ಣಿನ ಮೂಟೆ ಮೇಲೆ ರೈಫಲ್ ಇಟ್ಟು ಕೂತೆ. ಅದಕ್ಕೆ ದುರ್ಬೀನು ಇಲ್ಲ. ಕಣ್ಣಿನ ಹತ್ತಿರ ಒಂದು ಕಂಡಿ, ನಳಿಗೆಯ ತುದಿಯಲ್ಲಿ ಒಂದು ಕಬ್ಬಿಣದ ಮೊಳೆ. ಕಂಡಿಯೊಳಗೆ ಮೊಳೆಯ ತಲೆ ಸಮ ನಿಲ್ಲಿಸಿ ಬೊಟ್ಟಿಗೆ ಕೂಡಿಸಬೇಕು. ಮೂರು ಹೊಡೆದೆ. ಮೂರೂ ರಟ್ಟಿಗಿಂತ ಕೆಳಗೆ, ಬದುವಿನ ಮಣ್ಣಿಗೆ ಹೋದವು. ಅಂಗಡಿಯವನನ್ನು ಬೈದುಕೊಂಡೆ. ಆಮೇಲೆ ನೋಡಿದರೆ ತಪ್ಪು ನನ್ನದೇ. ಹಿಂದಿನ ದಿನ ಪೂಜೆ ಮಾಡಿ, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಮೊಳೆಯ ತಲೆಗೇ ಮೆತ್ತಿದ್ದೆ. ಅದು ಗಟ್ಟಿಯಾಗಿ ಮೊಳೆ ಎತ್ತರವಾಗಿತ್ತು. ಮೊಳೆ ಎತ್ತರವಾದರೆ ಏಟು ಕೆಳಗೆ. ಉಗುರಲ್ಲಿ ಕೆರೆದು ಸೆರಗಲ್ಲಿ ಒರೆಸಿದೆ.

ನಾಲ್ಕನೆಯದಕ್ಕೆ ಎಡಗಣ್ಣು ಮುಚ್ಚಿ ನೋಡಿದಾಗ ರಟ್ಟಿನ ಹಿಂದೆ ಯಾರೋ ನಿಂತಿದ್ದರು. ಎತ್ತರದ ಆಳು, ತಲೆಮೇಲೆ ಕರಿ ಕಂಬಳಿ. ಗಂಡೋ ಹೆಣ್ಣೋ ಗೊತ್ತಾಗಲಿಲ್ಲ. “ಯಾವನ್ಲಾ ಅದು, ಸಾಯೋಕ್ ಬಂದಿದ್ದೀಯ?” ಅಂತ ಕೂಗಿ ತಲೆ ಎತ್ತಿದೆ. ಯಾರೂ ಇಲ್ಲ. ಬಿಸಿಲು, ರಟ್ಟು, ಅಷ್ಟೆ. ಮತ್ತೆ ಕಣ್ಣಿಟ್ಟೆ. ನಿಂತೇ ಇದ್ದರು. ಬಲಗಣ್ಣಿಗೆ ಪೊರೆ ಆಪರೇಷನ್ ಆಗಿದೆ, ಅದರ ಆಟ ಇರಬೇಕು ಅಂದುಕೊಂಡು ಟ್ರಿಗರಿಗೆ ಬೆರಳು ಹಾಕಿದೆ. ಅಲ್ಲಾಡಲಿಲ್ಲ ಆ ಆಳು. ನನಗೆ ಒತ್ತಲಾಗಲಿಲ್ಲ. ಗುಂಡು ತೆಗೆದು, ರೈಫಲ್ ಹಿಡಿದೇ ಬೈಯುತ್ತಾ ಹೋಗಿ ಬದು ಹತ್ತಿದೆ.

ರಟ್ಟಿನಿಂದ ಎರಡೇ ಮಾರು ದೂರ, ಜಾಲಿ ಮರಕ್ಕೆ ಒರಗಿ ನನ್ನ ವಾರಗಿತ್ತಿ ಕುಸಿದು ಕೂತಿದ್ದಳು. ಸಕ್ಕರೆ ಕಾಯಿಲೆಯವಳು, ಮೇಕೆಗೆ ಹುಲ್ಲು ಕೊಯ್ಯಲು ಬಂದವಳಿಗೆ ಸಕ್ಕರೆ ಇಳಿದು ಪ್ರಜ್ಞೆ ತಪ್ಪಿತ್ತು. ಕುಳ್ಳಿ, ಹಸಿರು ಸೀರೆ. ಕಂಬಳಿ ಗಿಂಬಳಿ ಇಲ್ಲ. ಅವಳ ತಲೆ ಸುಣ್ಣದ ಬೊಟ್ಟಿನ ನೇರಕ್ಕೇ ಇತ್ತು. ರಟ್ಟು ಅವಳನ್ನು ಮರೆ ಮಾಡಿತ್ತು.

ನನ್ನ ಮಡಿಲಲ್ಲಿದ್ದ ಬೆಲ್ಲ ಅವಳ ವಸಡಿಗೆ ಸವರಿದೆ. ಸುಮಾರು ಹೊತ್ತಿಗೆ ಕಣ್ಣು ಬಿಟ್ಟಳು. ರೈಫಲ್ ನೋಡಿದಳು.

“ನಂಗೇ ಗುರಿ ಇಟ್ಟಿದ್ಯೇನೇ?” ಹನ್ನೊಂದು ವರ್ಷದ ಮೇಲೆ ಮೊದಲ ಮಾತು.

“ನಿಂಗಿಟ್ಟಿದ್ರೆ ಇಷ್ಟೊತ್ಗೆ ತಿಥಿ ಊಟಕ್ಕೆ ಅಕ್ಕಿ ನೆನೆಹಾಕ್ಬೇಕಿತ್ತು ಕಣೆ. ಬೆಲ್ಲ ಚೀಪು. ನಿನ್ ಜತೆ ಕಂಬ್ಳಿ ಹೊದ್ಕಂಡು ಯಾರಿದ್ರು?”

“ನನ್ ಜತೆ ಯಾರ್ ಬತ್ತಾರೆ ಬುಡು.”

ಅವಳ ಮಗನಿಗೆ ಫೋನ್ ಮಾಡಿದೆ, ಬಂದು ಆಸ್ಪತ್ರೆಗೆ ಕರಕೊಂಡು ಹೋದ. ನಾನು ಅಲ್ಲೇ ಕೂತುಬಿಟ್ಟೆ. ಆ ನಾಲ್ಕನೇ ಗುಂಡು ಹೋಗಿದ್ದರೆ ಕೈತಪ್ಪಿ ಆಯಿತು ಅಂತ ಯಾರು ನಂಬುತ್ತಿದ್ದರು? ಬದುವಿನ ಜಗಳ ಊರಿಗೆಲ್ಲ ಗೊತ್ತು. ಮೊಮ್ಮಕ್ಕಳಿಗೆ ಕೊಲೆಗಾರ್ತಿ ಅಜ್ಜಿ ಆಗಿ ಸಾಯುತ್ತಿದ್ದೆ.

ಅವಳು ಈಗ ಎದುರಿಗೆ ಸಿಕ್ಕರೆ “ಊಟ ಆಯ್ತಾ” ಅಂತಾಳೆ, ಅಷ್ಟೆ. ನಿಂತಿದ್ದವರ ವಿಷಯ ಅವಳಿಗೂ ಬಿಡಿಸಿ ಹೇಳಿಲ್ಲ. ಕಣ್ಣಿನ ಡಾಕ್ಟರು ಕಣ್ಣು ಚೆನ್ನಾಗಿದೆ ಅಂದರು.

ರೈಫಲ್ ಈಗ ಬೊಟ್ಟಿಗೇ ಹೊಡೆಯುತ್ತೆ. ಆಮೇಲೆ ಎಷ್ಟು ಸಲ ಕಣ್ಣಿಟ್ಟರೂ ಅವರು ಕಾಣಲಿಲ್ಲ. ಕಾಣಲಿಲ್ಲ ಅಂದರೆ ಬದುವಿನ ಆಚೆ ಯಾರೂ ಇಲ್ಲ ಅಂತಲೋ, ಇವತ್ತು ಅವರು ಬಂದಿಲ್ಲ ಅಂತಲೋ, ನನಗೆ ತಿಳಿಯೋಲ್ಲ. ಅದಕ್ಕೇ ಪ್ರತಿ ಸಲವೂ ರೈಫಲ್ ಕೆಳಗಿಟ್ಟು, ಈ ಮಂಡಿ ನೋವಿನಲ್ಲೂ ಬದು ಹತ್ತಿ ನೋಡಿ ಬರುತ್ತೇನೆ.