ಅಕ್ಕ ನಿಲ್ಲಿಸಿದ ಔಷಧಿ

ಉಡುಪು ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು 'ಕತ್ತರಿ' ಎನ್ನುತ್ತಿದ್ದರು. ಬಟ್ಟೆ ಕತ್ತರಿಸುವ ಮೇಜು ಅವಳದಾಗಿದ್ದುದು ಒಂದು ಕಾರಣ, ನಾಲಿಗೆ ಇನ್ನೊಂದು. ಅಮ್ಮನ ಕೊನೆಗಾಲಕ್ಕೆ ಅಕ್ಕ ಬರಲಿಲ್ಲವೆಂದು ಅವಳ ಜೊತೆ ಮಾತು ಬಿಟ್ಟು ವರ್ಷಗಳಾಗಿದ್ದವು. ಕತ್ತರಿಯ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆ ಕಂಡಾಗ ಅದೇ ಅಕ್ಕ ಚೀಲ ಹಿಡಿದು ಬಾಗಿಲಲ್ಲಿ ನಿಂತಳು.

"ಯಾರು ಕರೆದ್ರು ನಿನ್ನ?"

"ಯಾರೂ ಇಲ್ಲ. ಜರುಗು."

ಡಾಕ್ಟರು ಇಬ್ಬರನ್ನೂ ಕೂರಿಸಿ ಹೇಳಿದರು: "ರಕ್ತದಲ್ಲಿ ಟಿ-ಕೋಶಗಳು ಅಂತ ಇರ್ತವೆ, ರೋಗದ ಮೇಲೆ ಬೀಳೋಕೆ. ನಮ್ಮ ಮೈಯನ್ನೇ ಕಡೀಬಾರದು ಅಂತ ಅವುಗಳ ಮೇಲೆ ಒಂದು ಬ್ರೇಕ್ ಇರುತ್ತೆ. ಕ್ಯಾನ್ಸರ್ ಆ ಬ್ರೇಕನ್ನೇ ಒತ್ತಿ ಹಿಡಿದು ತಪ್ಪಿಸಿಕೊಳ್ಳುತ್ತೆ. ಈ ಔಷಧಿ ಒತ್ತೋಕೆ ಬಿಡಲ್ಲ. ಆದ್ರೆ ಬ್ರೇಕ್ ಸಡಿಲಾದ ಕೋಶಗಳು ನಿಮ್ಮ ಕರುಳಿಗೂ ಬಾಯಿ ಹಾಕಬಹುದು. ಏನೇ ಆದ್ರೂ ತಕ್ಷಣ ಹೇಳಿ."

ಡ್ರಿಪ್ ಶುರುವಾಯಿತು. ಕೆಮ್ಮು ತಗ್ಗಿತು, ಸ್ಕ್ಯಾನಿನಲ್ಲಿ ಗಡ್ಡೆ ಕುಗ್ಗಿತ್ತು. ಆಮೇಲೆ ಭೇದಿ ಹಿಡಿಯಿತು, ರಕ್ತವೂ ಬಿತ್ತು. ಬಾಯಿ ಬಿಟ್ಟರೆ ಔಷಧಿ ನಿಲ್ಲಿಸುತ್ತಾರೆಂದು ಕತ್ತರಿಗೆ ಗೊತ್ತಿತ್ತು. ನಲ್ಲಿ ಜೋರಾಗಿ ಬಿಟ್ಟು ಬಚ್ಚಲಲ್ಲಿ ಕೂರುತ್ತಿದ್ದಳು. ಒಗೆಯುವ ಬಟ್ಟೆಯಲ್ಲಿ ಅಕ್ಕ ಕಲೆ ಕಂಡಳು.

"ಇದನ್ನ ಮುಚ್ಚಿಟ್ಟಿದ್ದೀಯಾ?"

"ಸಾಯೋಳು ನಾನು. ನಿನ್ನ ಗಂಟೇನು ಹೋಗುತ್ತೆ?"

ಅಕ್ಕ ಅವಳೆದುರೇ ಆಸ್ಪತ್ರೆಗೆ ಫೋನ್ ಮಾಡಿದಳು. ಕತ್ತರಿ ಎಸೆದ ಲೋಟ ಗೋಡೆಗೆ ಬಡಿಯಿತು.

ಅವಳದೇ ಟಿ-ಕೋಶಗಳು ಕರುಳಿನ ಒಳಪದರವನ್ನು ಕಡಿಯುತ್ತಿದ್ದವು. ಡಾಕ್ಟರು ಔಷಧಿ ನಿಲ್ಲಿಸಿ, ಆ ಕೋಶಗಳನ್ನು ತಣ್ಣಗಾಗಿಸಲು ಸ್ಟೀರಾಯ್ಡ್ ಕೊಟ್ಟರು. ರಕ್ತ ನಿಂತಿತು, ಸ್ಟೀರಾಯ್ಡಿಗೆ ಮುಖ ಊದಿಕೊಂಡಿತು. ಅಕ್ಕ ಗಂಜಿ ತಂದಾಗಲೆಲ್ಲ ಕತ್ತರಿ ಗೋಡೆಯ ಕಡೆ ಮಗ್ಗುಲಾಗುತ್ತಿದ್ದಳು. ಅಕ್ಕ ಆಚೆ ಹೋದ ಮೇಲೆ ಕುಡಿಯುತ್ತಿದ್ದಳು.

ತಿಂಗಳುಗಳ ನಂತರದ ಸ್ಕ್ಯಾನಿನಲ್ಲೂ ಗಡ್ಡೆ ಬೆಳೆದಿರಲಿಲ್ಲ. "ಔಷಧಿ ನಿಂತರೂ ಕೆಲವರಲ್ಲಿ ಅದರ ಕೆಲಸ ನಡೀತಿರುತ್ತೆ," ಎಂದರು ಡಾಕ್ಟರು. "ಮುಂದಿನದಕ್ಕೆ ಮಾತು ಕೊಡೋಕಾಗಲ್ಲ. ಆದ್ರೆ ನಿಮ್ಮಕ್ಕ ಅವತ್ತು ಫೋನ್ ಮಾಡದಿದ್ರೆ ಕರುಳು ತೂತಾಗ್ತಿತ್ತು."

"ನಾಳೆ ಗಡ್ಡೆ ಬೆಳೆದ್ರೆ ಇವಳು ಉತ್ತರ ಕೊಡ್ತಾಳಾ? ನನ್ನ ಜೀವದ ವಿಷಯ ತೀರ್ಮಾನ ಮಾಡೋಕೆ ಇವಳ್ಯಾರು?"

"ಬಯ್ಯೋಕೆ ಉಸಿರಿದೆಯಲ್ಲ," ಎಂದಳು ಅಕ್ಕ. "ಬಯ್ಯಿ."

ಮರುದಿನ ಅಕ್ಕ ಊರಿಗೆ ಹೊರಟಳು. ಕತ್ತರಿ ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. ಉಂಡು ಕೈತೊಳೆದು, ಕಾರ್ಖಾನೆಗೆ ಹೊರಟಳು.